ಕೊನೆಯ ನಾಲ್ಕು ಪಟ್ಟಿ

ಕೆಲಸದ ಜಾಗದಲ್ಲಿ ಎಲ್ಲರೂ ನನ್ನನ್ನು ‘ಕಿವಿ’ ಎಂದೇ ಕರೆಯುತ್ತಾರೆ. ಇಡೀ ಹೆಂಗಸಿನಲ್ಲಿ ಉಪಯೋಗಕ್ಕೆ ಬರುವ ಭಾಗ ಅದೊಂದೇ ಅನ್ನುವ ಹಾಗೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಅದಾದ ಮೇಲೆ ತಲೆಗೇರಿತು. ಹಾಗೆ ತಲೆಗೇರಿದ್ದರಿಂದಲೇ ಇಷ್ಟೆಲ್ಲ ಆಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಮಳೆಯನ್ನೋ ಮಣ್ಣನ್ನೋ ಯಾರೂ ಬೈಯುವುದು ಬೇಡ.

ಮಣ್ಣು ಜಾರುವ ಕಡೆ ಅದನ್ನು ಹಿಡಿದು ನಿಲ್ಲಿಸುವುದು ನಮ್ಮ ಕೆಲಸ. ಕಪ್ಪು ಪ್ಲಾಸ್ಟಿಕ್ ಹಾಳೆಗಳನ್ನು ಅಲ್ಲಲ್ಲಿ ಬೆಸೆದು, ಒತ್ತಾಗಿ ಮಡಚಿ, ಕಟ್ಟು ಮಾಡಿ ಲಾರಿಯಲ್ಲಿ ಕಳಿಸುತ್ತಾರೆ. ಇಂಜಿನಿಯರ್ ಅದಕ್ಕೆ ಜಿಯೋಸೆಲ್ ಅನ್ನುತ್ತಾರೆ, ನಾವು ಬರೀ ಗೂಡು ಅನ್ನುತ್ತೇವೆ. ಇಳಿಜಾರಿನ ನೆತ್ತಿಯಲ್ಲಿ ಒಂದು ತುದಿ ಬಿಗಿದು ಇನ್ನೊಂದು ತುದಿಯನ್ನು ಕೆಳಕ್ಕೆ ಎಳೆದರೆ ಕಟ್ಟು ಬಿಚ್ಚಿಕೊಂಡು ಜೇನುಗೂಡಿನ ಹಾಗೆ ಹರಡುತ್ತದೆ. ಒಂದೊಂದು ಗೂಡೂ ಉದ್ದಕ್ಕೊಂದು ಗೇಣು, ಅಗಲಕ್ಕೊಂದು ಗೇಣು. ಅದರೊಳಗೆ ಮಣ್ಣು ತುಂಬಿ ಹುಲ್ಲಿನ ಬೀಜ ಚೆಲ್ಲಿದರೆ, ಮಳೆ ಎಷ್ಟೇ ಹೊಯ್ದರೂ ಮಣ್ಣು ತನ್ನ ಗೂಡು ಬಿಟ್ಟು ಕದಲುವುದಿಲ್ಲ.

ಆದರೆ ಗೂಡುಗಳ ಆ ಹಾಸೇ ಜಾರಬಾರದಲ್ಲ, ಅದಕ್ಕೆ ಸರಳು ಬೇಕು. ತಲೆ ಬಗ್ಗಿಸಿದ ಕಬ್ಬಿಣದ ಸರಳನ್ನು ಸುತ್ತಿಗೆಯಲ್ಲಿ ಹೊಡೆದು ಇಳಿಸುತ್ತಾರೆ. ಮೇಲಿನ ಸಡಿಲ ಮಣ್ಣು ದಾಟಿ ಒಳಗಿನ ಗಟ್ಟಿ ನೆಲವನ್ನು ಅದು ಕಚ್ಚಬೇಕು. ಸಡಿಲ ಮಣ್ಣಿನಲ್ಲಿ ಪೆಟ್ಟು ಮಂದವಾಗಿ ಕೇಳುತ್ತದೆ. ಗಟ್ಟಿ ನೆಲ ಸಿಕ್ಕ ಕ್ಷಣ ಆ ಪೆಟ್ಟಿನ ಹಿಂದೆಯೇ ಸಣ್ಣಗೆ ಒಂದು ನಾದ ಏಳುತ್ತದೆ. ಬೇರೆ ಯಾರಿಗೂ ಅದು ಹಿಡಿಯುತ್ತಿರಲಿಲ್ಲ, ನನಗೆ ಹಿಡಿಯುತ್ತಿತ್ತು. ಕೇಳಿಸಿದರೆ ‘ಆಯ್ತು’ ಅನ್ನುತ್ತಿದ್ದೆ. ಇಲ್ಲದಿದ್ದರೆ ‘ಉದ್ದದ್ದು’ ಅನ್ನುತ್ತಿದ್ದೆ; ಆಗ ಆ ಸರಳು ಕಿತ್ತು ಇನ್ನೂ ಉದ್ದದ್ದನ್ನು ಹೊಡೆಯಬೇಕು. ಸುತ್ತಿಗೆಯವನು ನನ್ನ ಇಡೀ ವಂಶವನ್ನು ಬೈದುಕೊಂಡೇ ಹೊಡೆಯುತ್ತಿದ್ದ.

ಸರಳು ಎಷ್ಟು ಹಿಡಿದಿದೆ ಎಂದು ಎಳೆದು ನೋಡುವ ಯಂತ್ರವೂ ಇದೆ. ಇಂಜಿನಿಯರ್ ಎರಡು ಸಲ ತಂದು ಪರೀಕ್ಷೆ ಮಾಡಿದರು. ನಾನು ‘ಆಯ್ತು’ ಅಂದ ಸರಳು ಜಗ್ಗಲಿಲ್ಲ, ‘ಉದ್ದದ್ದು’ ಅಂದದ್ದು ಬುಡಸಮೇತ ಕಿತ್ತು ಬಂತು. ನಮ್ಮ ಮೇಸ್ತ್ರಿಗೆ ಅಷ್ಟೇ ಸಾಕಾಯಿತು. “ಈ ಡಬ್ಬಾನ ವಾಪಸ್ ಗಾಡಿಗೆ ಹಾಕ್ಕೊಳ್ಳಿ ಸಾರ್. ಅದಕ್ಕೆ ಒಂದು ಸರಳಿಗೆ ಅರ್ಧ ಗಂಟೆ ಬೇಕು, ನಮ್ಮ ಕಿವಿಗೆ ನಾಲ್ಕು ಪೆಟ್ಟು ಸಾಕು” ಅಂದರು. ಯಂತ್ರ ಹೋಯಿತು. ಅವತ್ತು ನಾನು ಅಕ್ಕನ ಮನೆಗೆ ನಡೆದು ಹೋಗಲಿಲ್ಲ, ಹಾರಿಕೊಂಡೇ ಹೋದೆ.

ಅಕ್ಕನ ವಿಷಯ ಹೇಳಬೇಕು. ಅಕ್ಕ, ಭಾವ ಇದ್ದ ಓಣಿಯಲ್ಲಿ ಹನ್ನೆರಡು ಮನೆ, ಹನ್ನೆರಡರ ಬೆನ್ನಿಗೂ ಒಂದೇ ಇಳಿಜಾರು. ಹಿಂದಿನ ವರ್ಷದ ಮಳೆಯಲ್ಲಿ ಅದು ಒಂದಿಷ್ಟು ಕುಸಿದು ಹಿತ್ತಲುಗಳಿಗೆ ಬಂದಿತ್ತು. ಎಲ್ಲರ ಮನೆಯನ್ನೂ ಖಾಲಿ ಮಾಡಿಸಿದರು. ಅಕ್ಕ, ಭಾವ ಊರಿನ ಆಚೆ ತುದಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದರು. ಭಾವ ದರ್ಜಿ. ಒಂದು ಕೋಣೆ ತುಂಬ ಹೊಲಿಗೆ ಮೆಷಿನ್, ಬಟ್ಟೆ ಚೂರು. ಇನ್ನೊಂದರಲ್ಲಿ ನಾವು ಮೂವರು. ಆ ಇಳಿಜಾರಿಗೆ ಗೂಡು ಹಾಸುವ ಕೆಲಸ ನಮ್ಮ ತಂಡಕ್ಕೇ ಸಿಕ್ಕಿತ್ತು. ನೆತ್ತಿಯಿಂದ ಬುಡದವರೆಗೆ ಇಳಿಯುವ ಪಟ್ಟಿಗಳು, ಅಕ್ಕಪಕ್ಕದಲ್ಲಿ ಒಟ್ಟು ಇಪ್ಪತ್ತು. ಕೊನೆಯ ನಾಲ್ಕು ಪಟ್ಟಿ ನೇರವಾಗಿ ಓಣಿಯ ಮೇಲೆ. ಅಲ್ಲಿ ಯಾವುದೋ ಹಳೆಯ ಹಳ್ಳವನ್ನು ತಂದು ಸುರಿದ ಮಣ್ಣಿನಿಂದ ಮುಚ್ಚಿದ್ದರಂತೆ.

ಆ ನಾಲ್ಕು ಪಟ್ಟಿ ಶುರುವಾಗುವ ಹಿಂದಿನ ದಿನ ನನ್ನ ಎರಡೂ ಕಿವಿ ಊದಿಕೊಂಡವು. ಮಾರನೆಯ ದಿನ ಸೋರತೊಡಗಿದವು. ಅಕ್ಕ ದಿನಕ್ಕೆ ಮೂರು ಸಲ ಔಷಧಿಯ ಹನಿ ಬಿಟ್ಟು ಹತ್ತಿ ಇಡುತ್ತಿದ್ದಳು. ಊಟಕ್ಕೆ ಕರೆಯಬೇಕಾದರೆ ಹೆಗಲು ತಟ್ಟಬೇಕಿತ್ತು. ಲೋಕವೆಲ್ಲ ದಪ್ಪ ಗೋಡೆಯ ಆಚೆ ಹೋಗಿ ನಿಂತ ಹಾಗಿತ್ತು.

ಆದರೂ ಕೆಲಸಕ್ಕೆ ಹೋದೆ. ಹತ್ತಿ ಕಾಣದ ಹಾಗೆ ತಲೆಗೆ ವಸ್ತ್ರ ಬಿಗಿದುಕೊಂಡೆ. ಸರಳಿನ ಪಕ್ಕ ಎಂದಿನಂತೆ ಕುಕ್ಕರಗಾಲಲ್ಲಿ ಕೂತೆ, ಎಂದಿನಂತೆ ಕಣ್ಣು ಮುಚ್ಚಿದೆ. ಸುತ್ತಿಗೆ ಬೀಳುತ್ತಿರುವುದು ನೆಲದ ಅದುರಿನಿಂದ ಗೊತ್ತಾಗುತ್ತಿತ್ತು, ಅಷ್ಟೇ. ನಾಲ್ಕು ಪೆಟ್ಟು ಎಣಿಸಿ ‘ಆಯ್ತು’ ಅಂದೆ. ಮುಂದಿನದಕ್ಕೂ ‘ಆಯ್ತು’. ಯಾರಿಗೂ ಅನುಮಾನ ಬಾರದಿರಲೆಂದು ನಡುನಡುವೆ ‘ಉದ್ದದ್ದು’ ಎಂದೂ ಅಂದೆ. ಸುತ್ತಿಗೆಯವನು ಬೈದುಕೊಂಡ ಎಂದು ಅವನ ತುಟಿ ನೋಡಿ ತಿಳಿದುಕೊಂಡೆ.

ಮೇಸ್ತ್ರಿಗೆ ಹೇಳಿದ್ದರೆ ಏನಾಗುತ್ತಿತ್ತು? ವಾರದ ಮಟ್ಟಿಗೆ ಯಂತ್ರ ಬರುತ್ತಿತ್ತು, ಕೆಲಸ ಸ್ವಲ್ಪ ತಡವಾಗುತ್ತಿತ್ತು. ಇನ್ನೇನೂ ಇಲ್ಲ. ಆದರೆ ಆ ಯಂತ್ರ ಒಮ್ಮೆ ಬಂದು ಕೂತರೆ ಮತ್ತೆ ಏಳುವುದಿಲ್ಲ, ಆಮೇಲೆ ನಾನು ಬುಟ್ಟಿ ಹೊರುವ ಹತ್ತು ಹೆಂಗಸರ ಜೊತೆ ಹನ್ನೊಂದನೆಯವಳು ಎಂಬ ಹೆದರಿಕೆ ನನಗೆ. ಆ ನಾಲ್ಕು ದಿನದಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಕೆಳಗಿನ ಹನ್ನೆರಡು ಮನೆ ಒಮ್ಮೆಯೂ ನೆನಪಿಗೆ ಬರಲಿಲ್ಲ ಎಂದರೆ ನೀವು ನಂಬಬೇಕು.

ಕೆಲಸ ಮುಗಿಯಿತು. ಮನೆಗಳಿಗೆ ವಾಪಸು ಹೋಗಬಹುದು ಎಂದು ಕಾಗದ ಬಂತು. ಯಾರೂ ಹೋಗಲಿಲ್ಲ. ಒಮ್ಮೆ ಹಿತ್ತಲಿಗೆ ಬಂದ ಮಣ್ಣನ್ನು ಕಂಡವರು ಸಹಿ, ಮೊಹರು ನೋಡಿ ಮಲಗುತ್ತಾರೆಯೇ? ಮೊದಲು ಹೋದವಳು ಅಕ್ಕ. ಭಾವ ಓಣಿಯ ಬಾಯಲ್ಲಿ ನಿಂತು ಹೋಗಿ ಬರುವವರಿಗೆಲ್ಲ ಹೇಳಿದರು: “ಆಫೀಸರ ಸಹಿ ಯಾರಿಗೆ ಬೇಕ್ರೀ? ಅಲ್ಲಿರೋ ಒಂದೊಂದು ಸರಳಿಗೂ ನಮ್ಮ ನಾದಿನಿ ಕಿವಿ ಕೊಟ್ಟಿದ್ದಾಳೆ. ಅವಳು ಆಯ್ತು ಅಂದ್ರೆ ಆಯ್ತು!” ಹತ್ತು ದಿನದಲ್ಲಿ ಉಳಿದ ಹನ್ನೊಂದು ಮನೆಯ ಬೀಗವೂ ತೆರೆಯಿತು. ನಾನು ಕೆಲಸದವರ ಕ್ವಾರ್ಟರ್ಸ್‌ಗೆ ವಾಸ ಬದಲಿಸಿದೆ. ಇಳಿಜಾರಿನಲ್ಲಿ ಹುಲ್ಲು ಎಷ್ಟು ಸೊಗಸಾಗಿ ಬಂತೆಂದರೆ ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಏಳು ತಿಂಗಳು ಕಳೆಯಿತು. ಎಂಟು ದಿನ ಬಿಡದೆ ಮಳೆ ಹೊಯ್ದು, ಒಂಬತ್ತನೆಯ ದಿನ ಸ್ವಲ್ಪ ಹೊಳವಾಯಿತು. ಅವತ್ತು ರಜೆ. ಬೆಳಿಗ್ಗೆಯೇ ಅಕ್ಕನ ಮನೆಗೆ ಹೋದೆ. ಭಾವ ಹಿತ್ತಲ ಬಾಗಿಲ ಮುಂದೆ ಕೂತು ಉಜ್ಜುಗೊರಡು ಹಿಡಿದು ಬಾಗಿಲಿನ ಅಂಚು ಕೆತ್ತುತ್ತಿದ್ದರು.

“ಮಳೆಗೆ ಮರ ಉಬ್ಬಿದೆ ಕಣಮ್ಮ. ಮೊನ್ನೆ ಒಂದ್ಸಲ ಕೆತ್ತಿದೆ, ಇವತ್ತು ಮತ್ತೆ ಹಿಡ್ಕೊಂಡಿದೆ” ಅಂದರು.

ನಾನು ಬಾಗಿಲು ನೋಡಲಿಲ್ಲ, ಚೌಕಟ್ಟು ನೋಡಿದೆ. ಮೇಲಿನ ಮೂಲೆಯಲ್ಲಿ ಒಂದು ಕಡೆ ಬೆರಳು ತೂರುವಷ್ಟು ಸಂದು, ಇನ್ನೊಂದು ಕಡೆ ಗೋಡೆಗೆ ಅಂಟಿತ್ತು. ಬಾಗಿಲು ಉಬ್ಬಿರಲಿಲ್ಲ. ಗೋಡೆಯೇ ಓರೆಯಾಗಿತ್ತು.

ಏನೂ ಹೇಳದೆ ಹಿತ್ತಲ ಚರಂಡಿ ದಾಟಿ ಇಳಿಜಾರು ಹತ್ತಿದೆ. ಕೆಳಗಿನ ಸಾಲುಗಳಲ್ಲೇ ಹುಲ್ಲು ಸರಿಸಿ ಗೂಡಿನ ಮೇಲೆ ಗೇಣು ಇಟ್ಟೆ. ಉದ್ದಕ್ಕೆ ಗೇಣು ಹಿಡಿಸಲಿಲ್ಲ. ಗೂಡುಗಳು ಚಪ್ಪಟೆಯಾಗಿ ಅಗಲಕ್ಕೆ ಹಿಗ್ಗಿದ್ದವು, ಒಳಗಿನ ಮಣ್ಣು ಹೊಟ್ಟೆ ಬಂದ ಹಾಗೆ ಮೇಲಕ್ಕೆ ಉಬ್ಬಿತ್ತು. ನೆತ್ತಿಯವರೆಗೂ ಹತ್ತಿ ಹೋದೆ. ಅಲ್ಲಿ ಇದಕ್ಕೆ ತಿರುಗುಮುರುಗು. ಗೂಡುಗಳು ಗೇಣಿಗಿಂತ ನಾಲ್ಕು ಬೆರಳು ಉದ್ದಕ್ಕೆ ಎಳೆದುಕೊಂಡು ಸಣ್ಣ ಬಾಯಿ ಮಾಡಿಕೊಂಡಿದ್ದವು. ಅಂದರೆ ಮೇಲಿನ ಗೂಡುಗಳು ಜಗ್ಗುತ್ತಿವೆ, ಕೆಳಗಿನವು ಭಾರ ಹೊತ್ತು ಕುಸಿಯುತ್ತಿವೆ. ಇಡೀ ಹಾಸು ತನ್ನ ಹುಲ್ಲು, ಮಣ್ಣು, ಸರಳುಗಳ ಸಮೇತ ಓಣಿಯ ಕಡೆಗೆ ಹೊರಟಿತ್ತು. ಪಕ್ಕದ ಹದಿನಾರನೆಯ ಪಟ್ಟಿಯಲ್ಲಿ ಗೇಣಿಗೆ ಗೇಣು ಸರಿಯಾಗಿತ್ತು. ಕೆಟ್ಟಿದ್ದು ಕೊನೆಯ ನಾಲ್ಕೇ.

ಮೇಸ್ತ್ರಿಗೆ ಫೋನ್ ಮಾಡಿ ಗೂಡು ಜಗ್ಗುತ್ತಿದೆ ಅಂದೆ. “ಹುಲ್ಲು ಹೇಗಿದೆ?” ಅಂದರು. ಚೆನ್ನಾಗಿದೆ ಅಂದೆ. “ಮತ್ತೆ? ಮಳೆಗಾಲ ಮುಗೀಲಿ, ನೋಡೋಣ. ರಜಾ ದಿನ ಆರಾಮಾಗಿರಮ್ಮ” ಎಂದು ಇಟ್ಟುಬಿಟ್ಟರು.

ಕೆಳಗಿಳಿದು ಬಂದೆ. ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಳು. ಅಡುಗೆಮನೆಯ ಕಿಟಕಿಯ ತುಂಬ ಹಸಿರು, ಬೇರೇನೂ ಕಾಣದು.

“ಅಕ್ಕಾ, ಮನೆ ಖಾಲಿ ಮಾಡ್ಬೇಕು. ಇವತ್ತೇ.”

“ಯಾಕೆ?”

“ದಿಬ್ಬ ಬರ್ತಾ ಇದೆ.”

ಅವಳು ನಕ್ಕಳು. “ನೀನೇ ಮೊಳೆ ಹೊಡೆಸಿದ ದಿಬ್ಬ ಕಣೇ. ಯಾಕೆ ಹೀಗೆ ಹೆದರಿಸ್ತೀಯಾ?”

ಇನ್ನು ಹೇಳದೆ ಗತಿಯಿರಲಿಲ್ಲ. “ಕೊನೇ ನಾಲ್ಕು ಪಟ್ಟಿ ನಾನು ಕೇಳಲೇ ಇಲ್ಲ ಅಕ್ಕ. ಆ ವಾರ ನನ್ನ ಕಿವಿ...”

ಒರೆಸುತ್ತಿದ್ದ ಪಾತ್ರೆ ಅವಳ ಕೈಯಲ್ಲೇ ನಿಂತಿತು.

“ಆ ವಾರ ನಿನ್ನ ಕಿವಿಗೆ ಹನಿ ಬಿಟ್ಟವಳು ನಾನು” ಅಂದಳು. “ನಿನ್ನ ಪಕ್ಕದಲ್ಲಿ ತಟ್ಟೆ ಬಿದ್ರೂ ನಿಂಗೆ ಗೊತ್ತಾಗ್ತಿರ್ಲಿಲ್ಲ. ಮೇಸ್ತ್ರಿಗೆ ಹೇಳಿರ್ತಾಳೆ, ಬೇರೆ ಯಾರೋ ನೋಡ್ಕೋತಿರ್ತಾರೆ ಅಂದ್ಕೊಂಡೆ. ನೀನು ಹೇಳ್ಲಿಲ್ವಾ?”

“ಇಲ್ಲ.”

“ನಾನು ಇಲ್ಲಿಗೆ ವಾಪಸ್ ಬರುವಾಗ ಸಾಮಾನು ಹೊತ್ತು ಕೊಟ್ಟೆಯಲ್ಲೇ. ಆಗ್ಲೂ ಹೇಳ್ಲಿಲ್ಲ.”

ಅವಳು ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ಹೊಡೆಯಲಿಲ್ಲ. ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು, “ಬೀದಿಗೆ ಬಾ, ಎಲ್ಲರ ಮುಂದೆ ಹೇಳು” ಅಂದಳು.

ಹೇಳಿದೆ. ಹನ್ನೆರಡು ಮನೆಯ ಜನ ಸೇರಿದ್ದರು. ಕಿವಿ ಸೋರಿದ್ದು, ವಸ್ತ್ರ ಬಿಗಿದದ್ದು, ಸುಳ್ಳುಸುಳ್ಳೇ ‘ಆಯ್ತು’ ಅಂದದ್ದು, ಮೇಲೆ ಗೂಡು ಎಳೆದುಕೊಂಡದ್ದು, ಎಲ್ಲ ಹೇಳಿದೆ. ಕಲ್ಲು ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅದಕ್ಕಿಂತ ಕೆಟ್ಟದ್ದಾಯಿತು. ಯಾರೂ ನಂಬಲಿಲ್ಲ.

“ನೀನು ಸುಳ್ಳು ಹೇಳೋಳಲ್ಲ ಬಿಡಮ್ಮ” ಎಂದು ಮೂರನೆಯ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ನಕ್ಕರು. “ಈ ಜಾಗದ ಮೇಲೆ ಯಾರಿಗೋ ಕಣ್ಣು ಬಿದ್ದಿರ್ಬೇಕು. ನಮ್ಮನ್ನ ಎಬ್ಬಿಸೋಕೆ ನಿನ್ನ ಬಾಯಲ್ಲಿ ಹೀಗೆ ಹೇಳಿಸ್ತಿದ್ದಾರೆ. ಪಾಪ, ಕೆಲಸದ ಭಯ ಇರುತ್ತೆ.”

“ಹಾಗಲ್ಲ ಸಾರ್...”

“ಯಂತ್ರಾನೇ ಸೋಲಿಸಿದೋಳು ನೀನು!” ಅಂದರು ಭಾವ. ಅವರ ಮುಖದಲ್ಲಿ ನನ್ನ ಬಗ್ಗೆ ಇದ್ದ ಹೆಮ್ಮೆ ಒಂದು ಕೂದಲೆಳೆಯಷ್ಟೂ ಕದಲಿರಲಿಲ್ಲ. ಏಳು ತಿಂಗಳು ನಾನು ನೀರೆರೆದು ಬೆಳೆಸಿದ ಹೆಮ್ಮೆ ಅದು, ಒಂದು ಮಾತಿಗೆ ಹೇಗೆ ಕಿತ್ತು ಬರುತ್ತದೆ?

ಜನ ಚದುರತೊಡಗಿದರು. ಆಗ ಅಕ್ಕನ ಮನೆಯ ಹೊಸ್ತಿಲಲ್ಲಿ ಗಡಗಡ ಸದ್ದಾಯಿತು. ಅಕ್ಕ ಗ್ಯಾಸ್ ಸಿಲಿಂಡರ್ ಉರುಳಿಸಿಕೊಂಡು ಬಂದಳು. ಅದನ್ನು ಬೀದಿಯ ನಡುವೆ ನಿಲ್ಲಿಸಿ ಒಳಗೆ ಹೋಗಿ ಒಲೆ ತಂದಳು. ಆಮೇಲೆ ಹಾಸಿಗೆ. ಆಮೇಲೆ ಭಾವನ ಹೊಲಿಗೆ ಮೆಷಿನ್ನನ್ನು ಒಬ್ಬಳೇ ಎಳೆಯತೊಡಗಿದಳು.

“ಏಯ್, ಏಯ್! ಅದರ ಕಾಲು ಮುರಿಯುತ್ತೆ ಕಣೇ!” ಎಂದು ಭಾವ ಓಡಿದರು.

“ಹಾಗಾದ್ರೆ ಆ ಕಡೆ ಹಿಡ್ಕೊಳ್ಳಿ.”

ಭಾವನಿಗೆ ಬೇರೆ ದಾರಿಯಿರಲಿಲ್ಲ, ಹಿಡಿದುಕೊಂಡರು. ದರ್ಜಿಯ ಮೆಷಿನ್ ಬೀದಿಗೆ ಬಂದದ್ದು ನೋಡಿ ಓಣಿಯ ಮುಖವೇ ಬದಲಾಯಿತು. ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ಮೊದಲು ವಾಪಸು ಬಂದವಳು ಅವಳು, ಈಗ ಮೊದಲು ಹೊರಟವಳೂ ಅವಳೇ. ಎದುರು ಮನೆಯವಳು ಸ್ವಲ್ಪ ಹೊತ್ತು ನೋಡಿ ತಾನೂ ಒಳಗೆ ಹೋಗಿ ಟ್ರಂಕು ತಂದಳು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಹನ್ನೊಂದು ಮನೆ ಖಾಲಿಯಾದವು. ಪೋಸ್ಟ್‌ಮ್ಯಾನ್ ಮಾತ್ರ ಜಗಲಿಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಸಂಜೆ ಅಕ್ಕ ಹೋಗಿ ಅವರ ಕುರ್ಚಿಯನ್ನೇ ಎತ್ತಿಕೊಂಡು ಬಂದಳು. ಕೂರಲು ಜಾಗವಿಲ್ಲದೆ ಅವರೂ ಅವಳ ಹಿಂದೆ ಬೈಯುತ್ತ ಬಂದರು.

ದೊಡ್ಡ ರಸ್ತೆಯ ಆಚೆ ಒಂದು ಖಾಲಿ ಗೋದಾಮಿತ್ತು. ಎಲ್ಲರೂ ಅಲ್ಲಿ ಮಲಗಿದರು. ಬೆಳಿಗ್ಗೆ ಎದ್ದು ನೋಡಿದರೆ ಇಳಿಜಾರು ಇದ್ದಲ್ಲೇ ಇತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ಒಬ್ಬೊಬ್ಬರೇ ನನ್ನ ಕಡೆ ನೋಡಿ ಮೂಗು ಮುರಿದರು. ಹತ್ತು ಗಂಟೆಗೆ ಇಬ್ಬರು ಗಂಡಸರು ವಾಪಸು ಹೋಗುತ್ತೇವೆ ಎಂದು ಗಂಟು ಕಟ್ಟತೊಡಗಿದರು. ಅಕ್ಕ ಗೋದಾಮಿನ ಬಾಗಿಲಿಗೆ ಅಡ್ಡಲಾಗಿ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಹೋಗುವವರು ಅವಳನ್ನು ದಾಟಿಯೇ ಹೋಗಬೇಕಿತ್ತು.

ಹನ್ನೊಂದರ ಹೊತ್ತಿಗೆ ಎಲ್ಲರೂ ಒಮ್ಮೆಲೇ ಹೊರಗೆ ತಿರುಗಿದರು. ಅವರು ತಿರುಗಿದ್ದನ್ನು ನೋಡಿ ನಾನೂ ತಿರುಗಿದೆ.

ಅದು ಬಿರುಕು ಬಿಟ್ಟು, ಚೂರಾಗಿ ಬೀಳಲಿಲ್ಲ. ಮಲಗಿದವರ ಮೇಲಿಂದ ಹೊದಿಕೆ ಎಳೆದ ಹಾಗೆ ನಾಲ್ಕೂ ಪಟ್ಟಿ ಒಟ್ಟಿಗೆ ಇಳಿದು ಬಂದವು. ಮೇಲಿನ ಹುಲ್ಲು ನಿಂತ ಹಾಗೇ ನಿಂತಿತ್ತು. ಮನೆಗಳು ಒಂದರ ಹಿಂದೆ ಒಂದು ಮುಂದಕ್ಕೆ ಬಾಗಿದವು, ಹಸಿರು ಅವುಗಳ ಮೇಲೆ ಹತ್ತಿತು. ಧೂಳೂ ಏಳಲಿಲ್ಲ, ಅಷ್ಟು ಒದ್ದೆಯಾಗಿತ್ತು. ಹಾಸಿನ ಒಂದು ಬೆಸುಗೆಯೂ ಬಿಟ್ಟಿರಲಿಲ್ಲ. ಕೆಲವೆಡೆ ಅದು ಮಗುಚಿಕೊಂಡು ಒಳಮೈ ಕಾಣುತ್ತಿತ್ತು. ನಾನು ‘ಆಯ್ತು’ ಅಂದ ಸರಳುಗಳು ಅಲ್ಲಿ ಸಾಲಾಗಿ ತೂಗುತ್ತಿದ್ದವು. ಏನನ್ನೂ ಹಿಡಿದಿರಲಿಲ್ಲ.

ಯಾರೂ ಸಾಯಲಿಲ್ಲ. ಅತ್ತು ಮುಗಿದ ಮೇಲೆ ಜನ ನನ್ನನ್ನು ಸುತ್ತಿಕೊಂಡರು. ಈಗಲಾದರೂ ಬೈಯುತ್ತಾರೆ ಎಂದು ಕಾದೆ. ಪೋಸ್ಟ್‌ಮ್ಯಾನ್ ನನ್ನ ಎರಡೂ ಕೈ ಹಿಡಿದುಕೊಂಡರು. “ನಿಂಗೆ ಕೇಳಿಸಿತ್ತು ಅಲ್ವಾ? ಭೂಮಿ ಒಳಗಿಂದ ಕೇಳಿಸಿತ್ತು. ನಾವು ಏಳಲ್ಲ ಅಂತ ಆ ಕಥೆ ಕಟ್ಟಿದೆ. ನಿನ್ನ ಮೇಲೆ ತಪ್ಪು ಹಾಕ್ಕೊಂಡು ನಮ್ಮನ್ನ ಉಳಿಸಿದೆ ತಾಯಿ!”

ಅಲ್ಲ ಅಂದೆ. ಅಂದಷ್ಟೂ ಅವರ ಕಣ್ಣಲ್ಲಿ ನಾನು ಇನ್ನೂ ದೊಡ್ಡವಳಾದೆ. ಮಧ್ಯಾಹ್ನ ಮೇಸ್ತ್ರಿ ಬಂದರು. ನನ್ನನ್ನು ಪಕ್ಕಕ್ಕೆ ಕರೆದು, “ಬಾಯಿ ಮುಚ್ಕೊಂಡಿರು. ಮಳೆ ಜಾಸ್ತಿ ಆಯ್ತು ಅಂತ ಬರೀತಾರೆ, ಮುಗೀತು. ಮುಂದಿನ ಸೋಮವಾರ ಹೊಸ ಜಾಗ, ಇದರ ಮೂರರಷ್ಟು ದೊಡ್ಡದು. ನೀನಿಲ್ದೆ ಆಗಲ್ಲ” ಅಂದರು. ನಾನು ತಲೆ ಆಡಿಸಿದೆ. ಹೌದು, ಆಡಿಸಿದೆ. ಒಳಗೆಲ್ಲೋ ಹಗುರವೂ ಆಯಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಸಂಜೆ ಗೋದಾಮಿನ ಮೂಲೆಯಲ್ಲಿ ಭಾವ ಮೆಷಿನ್ ಒರೆಸುತ್ತಿದ್ದರು. ನಾನು ಅವರಿಗೆ ಬೆನ್ನು ಹಾಕಿ ಕೂತು ಊಟ ಮಾಡುತ್ತಿದ್ದೆ. ಎದುರಿಗಿದ್ದವರೆಲ್ಲ ಬೆಚ್ಚಿಬಿದ್ದರು, ಒಂದು ಮಗು ಅಳತೊಡಗಿತು. ಏನಾಯಿತೆಂದು ನಾನು ಅವರ ಮುಖ ನೋಡಿದೆ. ಆಮೇಲೆ ತಿರುಗಿದರೆ, ಭಾವನ ದೊಡ್ಡ ಕತ್ತರಿ ಸಿಮೆಂಟು ನೆಲದ ಮೇಲೆ ಬಿದ್ದಿತ್ತು. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಎದ್ದು ಬಂದು ಎದುರಿಗೆ ಕೂತಳು.

“ಕಿವಿ ವಾಸಿ ಆಯ್ತು ಅಂದಿದ್ದೆಯಲ್ಲೇ.”

“ಮಾತೆಲ್ಲ ಕೇಳುತ್ತೆ ಅಕ್ಕ.”

“ಮಾತು ಬಿಡು. ನಿನ್ನ ಕೆಲಸದ ಆ ಸಣ್ಣ ಸದ್ದು?”

ತಟ್ಟೆ ಪಕ್ಕಕ್ಕಿಟ್ಟೆ. ಅಕ್ಕನಿಗೆ ಇನ್ನೊಂದು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. “ಆ ವಾರದಿಂದ ಇಲ್ಲ. ಕಬ್ಬಿಣದ ಸಣ್ಣ ದನಿ ಯಾವುದೂ ಕಿವಿಗೆ ಬೀಳಲ್ಲ” ಅಂದೆ.

“ಆದ್ರೂ ಕೆಲಸಕ್ಕೆ ಹೋದೆ.”

“ಹೋದೆ.”

“ಆಯ್ತು, ಆಯ್ತು ಅಂದೆ.”

“ಅಂದೆ.”

“ಆಮೇಲೆ ಎಷ್ಟು ದಿಬ್ಬ ಮಾಡಿದ್ರಿ?”

“ಐದು.”

ಅವಳು ಕಣ್ಣು ಮುಚ್ಚಿದಳು. ಮತ್ತೆ ತೆರೆದಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. “ಕೆಳಗೆ ಏನೇನಿದೆ?”

ಎರಡರ ಕೆಳಗೆ ಬರೀ ರಸ್ತೆ, ಒಂದರ ಕೆಳಗೆ ರೈಲು ಹಳಿ, ಇನ್ನೊಂದರ ಕೆಳಗೆ ನೀರಿನ ಟ್ಯಾಂಕು ಎಂದು ಹೇಳಿದೆ. ಐದನೆಯದು ಬಾಯಿಗೆ ಬರಲಿಲ್ಲ. “ಐದನೇದು?” ಅಂದಳು ಅಕ್ಕ.

“ಶಾಲೆ” ಅಂದೆ. “ಹಿಂದಿನ ಗೋಡೆಗೆ ತಾಗ್ಕೊಂಡೇ ಒಂದನೇ ಕ್ಲಾಸು.”

“ನಾಳೆ ಶಾಲೆ ಇದೆಯಾ?”

“ಇದೆ. ಒಂಬತ್ತಕ್ಕೆ.”

ಅಕ್ಕ ಎದ್ದು ಚಪ್ಪಲಿ ಮೆಟ್ಟಿಕೊಂಡಳು. “ಏಳು. ಹೆಡ್‌ಮಾಸ್ಟರ್ ಮನೆ ಎಲ್ಲಿದೆ ಕೇಳ್ಕೊಂಡು ಹೋಗೋಣ. ನೀನು ಹೇಳಿದ್ದನ್ನ ಅವರೂ ನಂಬಲ್ಲ. ನಂಬೋ ತನಕ ನಾನು ಅಲ್ಲಿಂದ ಏಳಲ್ಲ.”